ಕರಾರು ಮುಗಿದರೂ ಮುಗಿಯದ ಋಣ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳು ವರ್ಷವರ್ಷವೂ ಆಟದ ಋತು ಮುಗಿಯುತ್ತಲೇ ಪಟ್ಟಿ ಹೊರಡಿಸುತ್ತಿದ್ದವು. ಯಾರನ್ನು ಉಳಿಸಿಕೊಂಡಿದ್ದೇವೆ, ಯಾರನ್ನು ಮಾರಾಟಕ್ಕಿಟ್ಟಿದ್ದೇವೆ, ಯಾರನ್ನು ಕೈಬಿಟ್ಟಿದ್ದೇವೆ ಎಂಬ ಪಟ್ಟಿ. ಆಟಗಾರನ ಕರಾರು ಒಂದೇ ವರ್ಷದ್ದು. ಬೇಸಿಗೆಗೆ ಅದು ಮುಗಿಯುತ್ತಿತ್ತು. ಆದರೆ 'ಉಳಿಸಿಕೊಂಡವರು' ಎಂಬ ಸಾಲಿನಲ್ಲಿ ಹೆಸರು ಬಿತ್ತೋ, ಕರಾರು ಮುಗಿದರೂ ಆತ ಇನ್ನೊಂದು ಕ್ಲಬ್ಬಿಗೆ ಆಡುವಂತಿಲ್ಲ. ಇವರು ಹೇಳಿದ ಸಂಬಳಕ್ಕೆ ಒಪ್ಪಿ ಮತ್ತೆ ಸಹಿ ಹಾಕಬೇಕು. ಒಪ್ಪಲಿಲ್ಲವೋ, ಸಂಬಳವೂ ಇಲ್ಲ, ಆಟವೂ ಇಲ್ಲ, ಬಿಡುಗಡೆಯೂ ಇಲ್ಲ. 1893ರಿಂದ 1963ರವರೆಗೆ, ಎಪ್ಪತ್ತು ವರ್ಷ, ಹೀಗೇ ನಡೆಯಿತು.

ಇದನ್ನು ಮೊದಲ ಸಲ ಓದಿದಾಗ ನಮಗೆ ನೆನಪಾದದ್ದು ನಮ್ಮ ಅಜ್ಜ. ಅವನ ಕಾಲಕ್ಕೆ ಯುಗಾದಿಗೆ ವರ್ಷದ ಜೀತ ಮುಗಿಯುತ್ತಿತ್ತು. ಮುಗಿದ ದಿನವೇ ಧಣಿ ಲೆಕ್ಕದ ಪುಸ್ತಕ ತೆಗೆಯುತ್ತಿದ್ದ. ಮಳೆಗಾಲದಲ್ಲಿ ತಂದ ರಾಗಿ, ಮದುವೆಗೆ ತಂದ ದುಡ್ಡು, ಅದರ ಬಡ್ಡಿ. ಹೆಬ್ಬೆಟ್ಟು ಒತ್ತಿದರೆ ಇನ್ನೊಂದು ವರ್ಷ. ಒತ್ತದಿದ್ದರೆ ಊರಲ್ಲಿ ಬೇರೆ ಯಾವ ಧಣಿಯೂ ಅವನನ್ನು ಕರೆಯುತ್ತಿರಲಿಲ್ಲ. ಯಾಕಂದರೆ ಧಣಿಗಳೆಲ್ಲ ಒಂದೇ.

ಹಾಗಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಹುಂಬತನ ನಮಗಿಲ್ಲ. ಇಂಗ್ಲೆಂಡಿನ ಆಟಗಾರನನ್ನು ಯಾರೂ ಕೇರಿಗೆ ತಳ್ಳಲಿಲ್ಲ. ಅವನ ಲೋಟ ಬೇರೆ ಇಡಲಿಲ್ಲ. ಅವನ ವಾರದ ಕೂಲಿ ಗಿರಣಿಯವನ ಕೂಲಿಗಿಂತ ಹೆಚ್ಚೇ ಇತ್ತು, ಶನಿವಾರ ಸಾವಿರಾರು ಜನ ಅವನ ಹೆಸರು ಕೂಗುತ್ತಿದ್ದರು. ನಮ್ಮಲ್ಲಿ ಜೀತ ನಿಷೇಧಿಸುವ ಕಾಯಿದೆ ಬಂದದ್ದು 1976ರಲ್ಲಿ. ಕಾಯಿದೆ ಬಂದ ಮೇಲೂ ಜೀತ ಹೋಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಆದರೆ ದುಡಿಮೆಯ ಅವಧಿ ಮುಗಿದ ಮೇಲೂ ದುಡಿಯುವವನ ಮೇಲಿನ ಹಕ್ಕು ಒಡೆಯನ ಕೈಯಲ್ಲೇ ಉಳಿಯುವ ಹಾಗೆ ಕಾಗದ ಬರೆಯುವ ಜಾಣತನ ಇದೆಯಲ್ಲ, ಆ ಜಾಣತನ ಎರಡು ಕಡೆಯೂ ಒಂದೇ. ಅದರ ಚರಿತ್ರೆ ನಮಗೆ ಗೊತ್ತಿರಬೇಕು.

ಈಗಿನ ಹುಡುಗರು ಮೊಬೈಲಿನಲ್ಲಿ ಯುರೋಪಿನ ಪಂದ್ಯ ನೋಡುತ್ತಾರೆ. ಇಂಥವನನ್ನು ಇಷ್ಟು ಕೋಟಿಗೆ ಕೊಂಡರಂತೆ, ಅಂಥವನನ್ನು ಎರವಲು ಕೊಟ್ಟರಂತೆ ಅಂತ ಮಾತಾಡಿಕೊಳ್ಳುತ್ತಾರೆ. ಮನುಷ್ಯನನ್ನು ಕೊಳ್ಳುವುದು, ಎರವಲು ಕೊಡುವುದು ಇದೆಂಥ ಭಾಷೆ ಅಂತ ಒಬ್ಬನೂ ಕೇಳುವುದಿಲ್ಲ. 'ವರ್ಗಾವಣೆ' ಎಂದರೆ ನಮ್ಮ ಹಳ್ಳಿ ಮೇಷ್ಟ್ರುಗಳಿಗೆ ನೆನಪಾಗುವುದೇ ಬೇರೆ. ಮೇಷ್ಟ್ರು ವರ್ಗವಾದರೆ ಹಳೇ ಶಾಲೆಯವರು ಹೊಸ ಶಾಲೆಯವರಿಂದ ದುಡ್ಡು ಕೇಳುವುದಿಲ್ಲ. ಕೇಳಿದರೆ ನಗುತ್ತೇವೆ. ಫುಟ್‌ಬಾಲಿನಲ್ಲಿ ಯಾರೂ ನಗುವುದಿಲ್ಲ.

ಮೊದಲಿನಿಂದ ಹೇಳುತ್ತೇವೆ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದವರು ಉಳ್ಳವರ ಶಾಲೆಗಳಲ್ಲಿ ಓದಿದವರು. ಆಟಕ್ಕೆ ದುಡ್ಡು ತಗೊಳ್ಳುವುದು ಅವರಿಗೆ ಹೊಲಸು. ದುಡಿಯದೆ ಉಣ್ಣುವವರಿಗೆ ಹಾಗನ್ನಿಸುವುದು ಸಹಜವೇ. ಲ್ಯಾಂಕಾಶೈರಿನ ಹತ್ತಿ ಗಿರಣಿಯ ಊರುಗಳಲ್ಲಿ ಆಟ ಬೇರೂರಿತು. ಗಿರಣಿಯವನು ಶನಿವಾರ ಆಡಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿ ತುಂಬಿಕೊಡಬೇಕಲ್ಲ? ಕದ್ದು ಕೊಡುತ್ತಿದ್ದರು. ಜಗಳವಾಗಿ ಜಗಳವಾಗಿ 1885ರಲ್ಲಿ ಅಸೋಸಿಯೇಷನ್ ದುಡ್ಡಿಗೆ ಆಡುವುದನ್ನು ಒಪ್ಪಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಮಾಡಿಕೊಂಡವು.

ಆಗ ಋತು ಮುಗಿದ ಮೇಲೆ ಆಟಗಾರ ತನಗೆ ಬೇಕಾದ ಕಡೆ ಹೋಗಬಹುದಿತ್ತು. ಹೆಚ್ಚು ಕೊಡುವವನ ಕಡೆ ಹೋಗುತ್ತಿದ್ದ. ಕ್ಲಬ್ಬುಗಳಿಗೆ ಇದು ಹಿಡಿಸಲಿಲ್ಲ. ದೊಡ್ಡ ಕ್ಲಬ್ಬುಗಳು ಎಲ್ಲರನ್ನೂ ಬಾಚಿಕೊಂಡರೆ ಸಣ್ಣ ಕ್ಲಬ್ಬುಗಳು ಸಾಯುತ್ತವೆ ಎಂಬುದು ಅವರು ಕೊಟ್ಟ ಕಾರಣ. ಈ ಕಾರಣವನ್ನು ನೆನಪಿಟ್ಟುಕೊಳ್ಳಿ, ನೂರು ವರ್ಷ ಇದನ್ನೇ ಹೇಳಿಕೊಂಡು ಬಂದರು. ಲೀಗಿನಲ್ಲಿ ಆಡಬೇಕಾದರೆ ಆಟಗಾರನ ಹೆಸರು ನೋಂದಾಯಿಸಬೇಕು. ಆ ನೋಂದಣಿ ಕ್ಲಬ್ಬಿನ ಕೈಯಲ್ಲಿರುತ್ತದೆ, ಕ್ಲಬ್ಬು ಒಪ್ಪದೆ ಇನ್ನೊಂದು ಕ್ಲಬ್ಬಿಗೆ ಹೋಗುವಂತಿಲ್ಲ ಅಂತ 1893ರಲ್ಲಿ ನಿಯಮ ಮಾಡಿದರು. ಅಲ್ಲಿಗೆ ಕಾಗದದ ಚೂರೊಂದಕ್ಕೆ ಬೆಲೆ ಬಂತು. ಮನುಷ್ಯನನ್ನು ಮಾರುತ್ತಿಲ್ಲಪ್ಪಾ, ನೋಂದಣಿಯನ್ನು ಮಾರುತ್ತಿದ್ದೇವೆ ಅಂದರು. ವರ್ಗಾವಣೆ ಶುಲ್ಕ ಹುಟ್ಟಿದ್ದು ಹೀಗೆ. ಇವತ್ತಿಗೂ ಆ ಶುಲ್ಕ ಕಾನೂನಿನ ಮಾತಿನಲ್ಲಿ ಆಟಗಾರನ ಬೆಲೆಯಲ್ಲ. ಅವನನ್ನು ಬಿಟ್ಟುಕೊಟ್ಟದ್ದಕ್ಕೆ ಒಂದು ಕ್ಲಬ್ಬು ಇನ್ನೊಂದಕ್ಕೆ ಕೊಡುವ ಪರಿಹಾರ.

ಎರಡನೇ ಬೀಗ 1901ರಲ್ಲಿ ಬಿತ್ತು. ಯಾವ ಆಟಗಾರನಿಗೂ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಕೊಡಕೂಡದು. ಅಂದರೆ ಅವನನ್ನು ಬಿಡುವುದೂ ಇಲ್ಲ, ಅವನಿಗೆ ಹೆಚ್ಚು ಕೊಡುವುದೂ ಇಲ್ಲ. ನಾಲ್ಕು ವರ್ಷ ಕಳೆದು 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್‌ಲ್ಯಾಂಡ್ ಕ್ಲಬ್ಬಿಗೆ ಸಾವಿರ ಪೌಂಡು ಕೊಟ್ಟಿತು. ದೇಶವೆಲ್ಲ ಗುಲ್ಲೆದ್ದಿತು. ಲೆಕ್ಕ ಹಾಕಿ ನೋಡಿ: ವಾರಕ್ಕೆ ನಾಲ್ಕು ಪೌಂಡಿನ ಆಳು ಸಾವಿರ ಪೌಂಡು ದುಡಿಯಬೇಕಾದರೆ 250 ವಾರ, ಸುಮಾರು ಐದು ವರ್ಷ ಬೇಕು. ಅಷ್ಟನ್ನು ಅವನ ಹಳೇ ಒಡೆಯ ಒಂದು ಸಹಿಗೆ ತಗೊಂಡ. ನಾಚಿಕೆಯಾಗಿಯೋ ಏನೋ 1908ರಲ್ಲಿ ಅಸೋಸಿಯೇಷನ್ ಶುಲ್ಕಕ್ಕೆ 350 ಪೌಂಡಿನ ಮಿತಿ ಹಾಕಿತು. ಕ್ಲಬ್ಬುಗಳು ಒಬ್ಬ ಒಳ್ಳೇ ಆಟಗಾರನ ಜೊತೆ ಕೆಲಸಕ್ಕೆ ಬಾರದವರನ್ನೂ ಸೇರಿಸಿ ಲೆಕ್ಕ ತೋರಿಸತೊಡಗಿದವು. ಕೆಲವೇ ತಿಂಗಳಲ್ಲಿ ಮಿತಿ ಹೋಯಿತು. ಕೂಲಿಯ ಮಿತಿ ಮಾತ್ರ ಅರವತ್ತು ವರ್ಷ ಗಟ್ಟಿಯಾಗಿ ನಿಂತಿತು.

ಆಟಗಾರರು ಸುಮ್ಮನಿದ್ದರೇ? ಇರಲಿಲ್ಲ. ಬಿಲ್ಲಿ ಮೆರಿಡಿತ್ ಎಂಬಾತ ವೇಲ್ಸಿನ ಚರ್ಕ್ ಎಂಬ ಊರಿನವನು, ಹನ್ನೆರಡನೇ ವಯಸ್ಸಿಗೆ ಕಲ್ಲಿದ್ದಲ ಗಣಿಗಿಳಿದವನು. ಗಣಿಯಲ್ಲಿ ಸಂಘ ಎಂದರೇನು ಎಂಬುದನ್ನು ಕಂಡಿದ್ದವನು. 1907ರಲ್ಲಿ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಆತ, ಚಾರ್ಲಿ ರಾಬರ್ಟ್ಸ್ ಮತ್ತು ಇತರರು ಸೇರಿ ಆಟಗಾರರ ಸಂಘ ಕಟ್ಟಿದರು. ಆ ಸಂಘ ಇತರ ಕಾರ್ಮಿಕರ ಸಂಘಗಳ ಒಕ್ಕೂಟ ಸೇರಲು ಹೊರಟಿತು. ಅಲ್ಲಿ ಧಣಿಗಳ ಎದೆ ಝಲ್ಲೆಂದಿತು. ಆಟಗಾರ, ಗಣಿಯವನು, ರೈಲ್ವೆಯವನು ಒಂದಾದರೆ! 1909ರಲ್ಲಿ ಅಸೋಸಿಯೇಷನ್ ಸಂಘದ ಮಾನ್ಯತೆ ಕಿತ್ತುಹಾಕಿ, ಸಂಘ ಬಿಡದವನು ಆಡುವಂತಿಲ್ಲ ಎಂದಿತು. ಬಹುತೇಕ ಕ್ಲಬ್ಬುಗಳ ಆಟಗಾರರು ಹೆದರಿ ಬಿಟ್ಟರು. ಮ್ಯಾಂಚೆಸ್ಟರ್ ಯುನೈಟೆಡ್ಡಿನವರು ಬಿಡಲಿಲ್ಲ. ತಮ್ಮನ್ನು ತಾವೇ 'ಬಹಿಷ್ಕೃತರು' ಎಂದು ಕರೆದುಕೊಂಡು, ಹಲಗೆಯ ಮೇಲೆ ಹಾಗೇ ಬರೆದು ಮುಂದಿಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಬಹಿಷ್ಕಾರ ಎಂದರೇನೆಂದು ಹುಟ್ಟಿನಿಂದಲೇ ಬಲ್ಲ ನಮಗೆ ಆ ಫೋಟೋ ನೋಡಿದರೆ ಒಂಥರಾ ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಕೊನೆಗೆ ರಾಜಿಯಾಯಿತು. ಸಂಘಕ್ಕೆ ಮಾನ್ಯತೆ ಸಿಕ್ಕಿತು. ಆದರೆ ಕಾರ್ಮಿಕರ ಒಕ್ಕೂಟದಿಂದ ಅದು ದೂರ ಸರಿಯಿತು. ಸಂಘ ಉಳಿಯಿತು, ಹಲ್ಲು ಕಿತ್ತರು.

ಆ ಮೇಲೆ ಕೋರ್ಟು. ಹರ್ಬರ್ಟ್ ಕಿಂಗಬಿ ಎಂಬ ಆಟಗಾರನನ್ನು ಆಸ್ಟನ್ ವಿಲ್ಲಾ 1906ರಲ್ಲಿ 300 ಪೌಂಡಿಗೆ ಕೊಂಡಿತ್ತು. ಅಲ್ಲಿ ಸರಿಹೋಗದೆ ಅವನು ದಕ್ಷಿಣದ ಇನ್ನೊಂದು ಲೀಗಿಗೆ ಹೋಗಿ ಆಡಿಕೊಂಡಿದ್ದ. 1910ರಲ್ಲಿ ಆ ಎರಡು ಲೀಗುಗಳೂ ಒಂದರ ಪಟ್ಟಿಯನ್ನು ಇನ್ನೊಂದು ಮಾನ್ಯ ಮಾಡಲು ಒಪ್ಪಿಕೊಂಡವು. ವರ್ಷಗಳ ಹಿಂದೆ ಬಿಟ್ಟುಬಂದ ಕ್ಲಬ್ಬು ಮತ್ತೆ ಅವನ ದಾರಿಗೆ ಅಡ್ಡ ನಿಂತು ಶುಲ್ಕ ಕೇಳಿತು. ಸಂಘ ಅವನ ಪರ ಕೋರ್ಟಿಗೆ ಹೋಯಿತು. ಈ ಪದ್ಧತಿಯೇ ದುಡಿಮೆಯ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ವಾದಿಸುವುದು ಬಿಟ್ಟು, ಕ್ಲಬ್ಬು ದ್ವೇಷದಿಂದ ಹೀಗೆ ಮಾಡಿತು ಎಂದು ವಕೀಲರು ವಾದಿಸಿದರು. 1912ರಲ್ಲಿ ಕೇಸು ಬಿದ್ದುಹೋಯಿತು. ಖರ್ಚಿನ ಭಾರಕ್ಕೆ ಸಂಘ ಮುಳುಗುವ ಹಾಗಾಯಿತು. ಒಡೆಯನ ಮನಸ್ಸು ಕೆಟ್ಟದ್ದೋ ಒಳ್ಳೆಯದೋ ಎಂಬ ಜಾಗದಲ್ಲಿ ಕೇಸು ನಿಂತರೆ ಪದ್ಧತಿ ಪಾರಾಗಿ ಹೋಗುತ್ತದೆ. ಒಳ್ಳೇ ಧಣಿ ಇರಲಿಲ್ಲವೇ ಅಂತ ಈಗಲೂ ನಮ್ಮನ್ನು ಕೇಳುತ್ತಾರಲ್ಲ, ಅದೇ ಜಾಗ. ಈ ಒಂದು ತಪ್ಪಿಗೆ ಅರ್ಧ ಶತಮಾನ ಹೋಯಿತು.

ಆ ಅರ್ಧ ಶತಮಾನದ ಕತೆಗಳು ಒಂದೆರಡಲ್ಲ. 1948ರಲ್ಲಿ ಮಿಡಲ್ಸ್‌ಬರೋ ಕ್ಲಬ್ಬಿನ ವಿಲ್ಫ್ ಮ್ಯಾನಿಯನ್, ಇಂಗ್ಲೆಂಡ್ ದೇಶಕ್ಕೇ ಆಡಿದವನು, ಓಲ್ಡಮ್‌ಗೆ ಹೋಗುತ್ತೇನೆ ಎಂದ. ಕ್ಲಬ್ಬು 25,000 ಪೌಂಡು ಕೇಳಿತು. ಅಷ್ಟು ಕೊಡಲು ಓಲ್ಡಮ್ ಕೈಲಿ ಆಗುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ್ದು. ಮ್ಯಾನಿಯನ್ ಸಹಿ ಹಾಕಲಿಲ್ಲ. ಕೋಳಿಗೂಡು ಮಾರುವ ಕೆಲಸಕ್ಕೆ ಸೇರಿದ. ತಿಂಗಳುಗಟ್ಟಲೆ ಹಟ ಹಿಡಿದು 1949ರ ಜನವರಿಯಲ್ಲಿ ಸೋತು ವಾಪಸು ಬಂದ. 1950ರಲ್ಲಿ ನೀಲ್ ಫ್ರಾಂಕ್ಲಿನ್ ಎಂಬಾತ ಕೆಲವರ ಜೊತೆ ಕೊಲಂಬಿಯಾ ದೇಶದ ಬೊಗೋಟಾಕ್ಕೆ ಓಡಿಹೋದ. ಕೊಲಂಬಿಯಾದ ಲೀಗು ಆಗ ಫಿಫಾ ಒಕ್ಕೂಟದ ಹೊರಗಿತ್ತು, ಅಲ್ಲಿಗೆ ಇವರ ಪಟ್ಟಿ ತಾಗುತ್ತಿರಲಿಲ್ಲ. ಒಗ್ಗದೆ ಬೇಗನೆ ಮರಳಿದ. ಇಲ್ಲಿ ಅವನನ್ನು ಅಮಾನತು ಮಾಡಿದರು. ಶಿಕ್ಷೆ ಮುಗಿದ ಮೇಲೆ ಅವನ ಕ್ಲಬ್ಬು ಸ್ಟೋಕ್ ಸಿಟಿ ಅವನನ್ನು 22,500 ಪೌಂಡಿಗೆ ಹಲ್ ಸಿಟಿಗೆ ಮಾರಿತು. ಓಡಿಹೋದ ಆಳಿನ ಮೇಲೂ ಲಾಭ.

ಇಂಗ್ಲೆಂಡು ಮಾತ್ರ ಹೀಗಲ್ಲ. ಫ್ರಾನ್ಸಿನಲ್ಲಿ ಆಟಗಾರ 35ನೇ ವಯಸ್ಸಿನವರೆಗೆ ಕ್ಲಬ್ಬಿಗೆ ಕಟ್ಟುಬಿದ್ದಿರುತ್ತಿದ್ದ. ಆ ವಯಸ್ಸಿಗೆ ಆಟಗಾರನ ಮೊಣಕಾಲು ಸವೆದಿರುತ್ತದೆ. 1961ರಲ್ಲಿ ಅಲ್ಲಿ ಆಟಗಾರರ ಸಂಘ ಹುಟ್ಟಿತು. ಹುಟ್ಟಿಸಿದವರಲ್ಲಿ ಮುಖ್ಯನು ಕ್ಯಾಮರೂನಿನಿಂದ ಬಂದ ಕಪ್ಪು ಆಟಗಾರ ಯೂಜೀನ್ ಎಂಜೋ ಲಿಯಾ. 1963ರಲ್ಲಿ ರೇಮಂಡ್ ಕೋಪಾ ಒಂದು ಪತ್ರಿಕೆಯಲ್ಲಿ ಆಟಗಾರರು ಗುಲಾಮರು ಎಂದು ಹೇಳಿದ. ಕೋಪಾ ಪೋಲೆಂಡ್ ಮೂಲದ ವಲಸೆ ಗಣಿ ಕಾರ್ಮಿಕರ ಮನೆಯವನು, ತಾನೂ ಗಣಿಯಲ್ಲಿ ದುಡಿದು ಬೆರಳು ಕಳೆದುಕೊಂಡವನು. ಗುಲಾಮಗಿರಿಯ ಮಾತಾಡಿದ್ದಕ್ಕೆ ಅವನ ಮೇಲೆ ಶಿಸ್ತುಕ್ರಮ ಜರುಗಿತು. 1968ರ ಮೇ ತಿಂಗಳಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳು, ಕಾರ್ಖಾನೆಯವರು ಬೀದಿಗಿಳಿದಾಗ ಒಂದಷ್ಟು ಆಟಗಾರರು ಫುಟ್‌ಬಾಲ್ ಒಕ್ಕೂಟದ ಕಚೇರಿಗೆ ನುಗ್ಗಿ ಕೂತರು. ಫುಟ್‌ಬಾಲ್ ಫುಟ್‌ಬಾಲಿಗರದು ಅಂತ ಬಾವುಟ ಕಟ್ಟಿದರು. ಮಾರನೇ ವರ್ಷ ನಿಗದಿತ ಅವಧಿಯ ಕರಾರು ಬಂತು. ಉಳುವವನೇ ಹೊಲದೊಡೆಯ ಅಂದವರಿಗೆ ಆ ಬಾವುಟದ ಮಾತು ವಿವರಿಸಬೇಕಾಗಿಲ್ಲ.

ಮತ್ತೆ ಇಂಗ್ಲೆಂಡಿಗೆ ಬರೋಣ. 1958ರಲ್ಲಿ ಕೂಲಿಯ ಮಿತಿ ವಾರಕ್ಕೆ 20 ಪೌಂಡು, ಬೇಸಿಗೆಯಲ್ಲಿ 17. ಸಂಘದ ಅಧ್ಯಕ್ಷ ಜಿಮ್ಮಿ ಹಿಲ್, ಕಾರ್ಯದರ್ಶಿ ಕ್ಲಿಫ್ ಲಾಯ್ಡ್ ಊರೂರು ತಿರುಗಿ ಸಭೆ ಮಾಡಿದರು. ಮ್ಯಾಂಚೆಸ್ಟರಿನ ಸಭೆಯದೊಂದು ಕತೆಯನ್ನು ಅಲ್ಲಿಯ ಜನ ಈಗಲೂ ಹೇಳುತ್ತಾರೆ. ಒಬ್ಬ ಎಳೆಯ ಆಟಗಾರ ಎದ್ದು, ನನ್ನಪ್ಪ ಗಣಿಯಲ್ಲಿ ದುಡಿದು ಇದಕ್ಕಿಂತ ಕಡಿಮೆ ತರುತ್ತಾನೆ, ನಾವು ಇನ್ನೂ ಹೆಚ್ಚು ಕೇಳುವುದು ಸರಿಯೇ ಎಂದನಂತೆ. ಪ್ರಾಮಾಣಿಕ ಪ್ರಶ್ನೆ. ನಮ್ಮ ಸಭೆಗಳಲ್ಲೂ ಏಳುವ ಪ್ರಶ್ನೆ. ಬೋಲ್ಟನ್ ಕ್ಲಬ್ಬಿನ ಟಾಮಿ ಬ್ಯಾಂಕ್ಸ್ ಎದ್ದ. ತಾನೂ ಗಣಿಯಲ್ಲಿ ದುಡಿದವನು. ನಿಮ್ಮಪ್ಪನಿಗೆ ಹೇಳು, ಗಣಿ ಕೆಲಸ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಶನಿವಾರ ಮೂವತ್ತು ಸಾವಿರ ಜನರ ಎದುರು ಈ ಸ್ಟ್ಯಾನ್ಲಿ ಮ್ಯಾಥ್ಯೂಸ್‌ನನ್ನು ತಡೆಯೋಕೆ ಬರಲಿ ಅಂತ ಕೂತಿದ್ದ ಮ್ಯಾಥ್ಯೂಸ್ ಕಡೆ ಕೈ ತೋರಿಸಿದನಂತೆ. ಆ ಮೂವತ್ತು ಸಾವಿರ ಜನ ಕೊಟ್ಟ ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಎಲ್ಲರಿಗೂ ಹೊಳೆಯಿತು. ಮುಷ್ಕರಕ್ಕೆ ಕೈ ಎದ್ದವು. 1961ರ ಜನವರಿ 18ರಂದು, ಮುಷ್ಕರಕ್ಕೆ ಮೂರು ದಿನ ಇರುವಾಗ, ಕೂಲಿಯ ಮಿತಿ ಹೋಯಿತು. ಅದಾದ ಕೂಡಲೇ ಫುಲ್‌ಹ್ಯಾಮಿನ ಜಾನಿ ಹೇನ್ಸ್‌ಗೆ ವಾರಕ್ಕೆ ನೂರು ಪೌಂಡು.

ಪಟ್ಟಿ ಮಾತ್ರ ಹೋಗಲಿಲ್ಲ. ಅದನ್ನು ಮುರಿದವನು ಜಾರ್ಜ್ ಈಸ್ಟ್‌ಹ್ಯಾಮ್. ನ್ಯೂಕಾಸಲ್ ಕ್ಲಬ್ಬಿನವನು. 1960ರ ಜೂನಿನಲ್ಲಿ ಕರಾರು ಮುಗಿಯಿತು. ಬಿಡಿ ಎಂದ, ಬಿಡಲಿಲ್ಲ. ಅವನು ಆಡುವುದನ್ನೇ ನಿಲ್ಲಿಸಿ, ಊರು ಬಿಟ್ಟು ದಕ್ಷಿಣಕ್ಕೆ ಹೋಗಿ ಗೆಳೆಯನೊಬ್ಬನ ಬಿರಡೆ ವ್ಯಾಪಾರದಲ್ಲಿ ಕೆಲಸ ಮಾಡಿದ. ನವೆಂಬರಿನಲ್ಲಿ ಕ್ಲಬ್ಬು ಮಣಿದು 47,500 ಪೌಂಡಿಗೆ ಆರ್ಸೆನಲ್‌ಗೆ ಮಾರಿತು. ಅವನ ಕೆಲಸ ಆಗಿತ್ತು. ಸುಮ್ಮನಿರಬಹುದಿತ್ತು. ಆದರೆ ಸಂಘ ಕೇಳಿತು, ಅವನು ಒಪ್ಪಿದ, ಕೇಸು ಮುಂದುವರಿಯಿತು. ಈ ಸಲ ಕಿಂಗಬಿಯ ತಪ್ಪು ಮಾಡಲಿಲ್ಲ. ಪದ್ಧತಿಯನ್ನೇ ಕಟಕಟೆಗೆ ತಂದರು. 1963ರ ಜುಲೈ 4ರಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು: ಕರಾರು ಮುಗಿದವನನ್ನು ಹೀಗೆ ಹಿಡಿದಿಡುವುದು ದುಡಿಮೆಗೆ ಹಾಕುವ ಅನ್ಯಾಯದ ತಡೆ. ಹಿಂದಿನ ಶತಮಾನದಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್‌ನ ವಂಶದವರೇ ಈ ನ್ಯಾಯಮೂರ್ತಿ. ಕಟ್ಟುಕತೆಯಲ್ಲಿ ಹೀಗೆ ಬರೆದಿದ್ದರೆ ನಾವೇ ನಂಬುತ್ತಿರಲಿಲ್ಲ.

ಉಳಿಸಿಕೊಳ್ಳುವ ಹಕ್ಕು ಬಿತ್ತು, ಶುಲ್ಕ ಉಳಿಯಿತು. 1978ರಲ್ಲಿ ಕರಾರು ಮುಗಿದವನು ಹೋಗಬಹುದು ಎಂದಾಯಿತು. ಆದರೂ ಹೊಸ ಕ್ಲಬ್ಬು ಹಳೇ ಕ್ಲಬ್ಬಿಗೆ ದುಡ್ಡು ಕೊಡಲೇಬೇಕು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್‌ಗಾಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹತ್ತು ಲಕ್ಷ ಪೌಂಡು ಕೊಟ್ಟಿತು.

ಇನ್ನು ಬಾಸ್ಮನ್. ಬೆಲ್ಜಿಯಮ್ಮಿನ ಲಿಯೇಜ್ ಕ್ಲಬ್ಬಿನಲ್ಲಿ ಆಡುತ್ತಿದ್ದ ಝಾನ್ ಮಾರ್ಕ್ ಬಾಸ್ಮನ್ ಅಂಥ ದೊಡ್ಡ ಆಟಗಾರನೇನಲ್ಲ. ಅವನ ತಿಂಗಳ ಸಂಬಳ 1,20,000 ಬೆಲ್ಜಿಯನ್ ಫ್ರಾಂಕು. 1990ರಲ್ಲಿ ಕರಾರು ಮುಗಿಯುವಾಗ ಕ್ಲಬ್ಬು 30,000ಕ್ಕೆ ಸಹಿ ಹಾಕು ಎಂದಿತು. ನಾಲ್ಕರಲ್ಲಿ ಒಂದು ಪಾಲು. ಅವನು ಒಪ್ಪಲಿಲ್ಲ. ಮಾರಾಟದ ಪಟ್ಟಿಗೆ ಹಾಕಿದರು. ಸಂಬಳ ಕೊಡುವಾಗ ಕಾಲು ಬೆಲೆಯ ಮನುಷ್ಯನಿಗೆ ಮಾರುವಾಗ 1,17,43,000 ಫ್ರಾಂಕು ಬೆಲೆ ಕಟ್ಟಿದರು! ಯಾರೂ ಬರಲಿಲ್ಲ. ಫ್ರಾನ್ಸಿನ ಡನ್‌ಕರ್ಕ್ ಎಂಬ ಸಣ್ಣ ಕ್ಲಬ್ಬು ಒಂದು ವರ್ಷಕ್ಕೆ ಎರವಲು ತಗೊಳ್ಳಲು ಮುಂದೆ ಬಂತು. ಎರವಲಿಗೆ 12 ಲಕ್ಷ ಫ್ರಾಂಕು, ಬೇಕಾದರೆ ಪೂರಾ ಕೊಳ್ಳಲು ಇನ್ನೂ 48 ಲಕ್ಷ. ಡನ್‌ಕರ್ಕ್ ದುಡ್ಡು ಕಟ್ಟುತ್ತದೋ ಇಲ್ಲವೋ ಎಂಬ ಅನುಮಾನ ಲಿಯೇಜಿಗೆ ಬಂತು. ಬೆಲ್ಜಿಯಂ ಒಕ್ಕೂಟದಿಂದ ಫ್ರಾನ್ಸಿಗೆ ಹೋಗಬೇಕಾದ ಪ್ರಮಾಣಪತ್ರ ಕಳಿಸಿ ಎಂದು ಅದು ಕೇಳಲೇ ಇಲ್ಲ. ಒಂದು ಪತ್ರ ಹೋಗಲಿಲ್ಲ, ಅಷ್ಟೇ. ಎರಡು ಒಪ್ಪಂದಗಳೂ ಬಿದ್ದವು. ಮೇಲಾಗಿ ಅವನನ್ನು ಅಮಾನತಿನಲ್ಲಿಟ್ಟರು. ಕರಾರು ಇಲ್ಲದ ಕ್ಲಬ್ಬು, ಕರಾರು ಇಲ್ಲದ ಆಟಗಾರನನ್ನು ಇಡೀ ಋತು ಮನೆಯಲ್ಲಿ ಕೂರಿಸಿತು. ಕಚೇರಿಯಲ್ಲಿ ಒಂದು ಸರ್ಟಿಫಿಕೇಟಿಗಾಗಿ ಅಲೆದವರಿಗೆ ಆ ಪತ್ರದ ತೂಕ ಗೊತ್ತಾಗುತ್ತದೆ.

ಬಾಸ್ಮನ್ ಝಾನ್ ಲೂಯಿ ಡ್ಯುಪಾಂಟ್ ಎಂಬ ಎಳೆಯ ವಕೀಲರನ್ನು ಹಿಡಿದು ಐದು ವರ್ಷ ಬಡಿದಾಡಿದ. 1995ರ ಡಿಸೆಂಬರ್ 15ರಂದು ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯ ಹೇಳಿತು: ಕರಾರು ಮುಗಿದವನು ಯುರೋಪಿನ ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ ಶುಲ್ಕ ಕೇಳುವಂತಿಲ್ಲ, ಒಕ್ಕೂಟದ ದೇಶಗಳ ಆಟಗಾರರ ಸಂಖ್ಯೆಗೆ ಮಿತಿ ಹಾಕುವಂತಿಲ್ಲ. ಆ ತೀರ್ಪಿನ ಮೇಲೆ ನಿಂತು ಸಾವಿರಾರು ಆಟಗಾರರು ಕೋಟ್ಯಧಿಪತಿಗಳಾದರು. ಬಾಸ್ಮನ್ ಬಡತನಕ್ಕೆ ಬಿದ್ದ, ಕುಡಿತಕ್ಕೆ ಬಿದ್ದ. ಇದನ್ನು ಅವನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ.

ಹಾಗಾದರೆ ಈಗ ಕೋಟಿಕೋಟಿ ಶುಲ್ಕ ಯಾಕಿದೆ? ಕರಾರು ಮುಗಿದ ಮೇಲೆ ದುಡ್ಡಿಲ್ಲವಾದ್ದರಿಂದ ಕ್ಲಬ್ಬುಗಳು ಮುಗಿಯುವ ಮೊದಲೇ ಮಾರುತ್ತವೆ. ಐದು ವರ್ಷಕ್ಕೆ ಬರೆಸಿಕೊಂಡು ಮೂರನೇ ವರ್ಷ ಮಾರುವುದು. 2001ರಲ್ಲಿ ಫಿಫಾ ಯುರೋಪಿನ ಆಯೋಗದ ಜೊತೆ ಮಾತಾಡಿ ಹೊಸ ನಿಯಮ ತಂದಿತು: ವರ್ಷಕ್ಕೆ ಎರಡು ಸಲ ಮಾತ್ರ ವರ್ಗಾವಣೆಯ ಸಂತೆ, ಮಧ್ಯದಲ್ಲಿ ಕರಾರು ಮುರಿದವನಿಗೆ ದಂಡ, ಶಿಕ್ಷೆ. 2017ರಲ್ಲಿ ಪ್ಯಾರಿಸಿನ ಪಿಎಸ್‌ಜಿ ಕ್ಲಬ್ಬು ಬ್ರೆಜಿಲ್ಲಿನ ನೇಮಾರ್‌ನನ್ನು ಬಾರ್ಸಿಲೋನಾದಿಂದ ಬಿಡಿಸಿಕೊಳ್ಳಲು ಸುರಿದದ್ದು 22 ಕೋಟಿ 20 ಲಕ್ಷ ಯೂರೋ.

ಲೆಕ್ಕದ ಪುಸ್ತಕದಲ್ಲಿ ಆಟಗಾರ ಯಂತ್ರದ ಹಾಗೆ. 5 ಕೋಟಿ ಯೂರೋ ಕೊಟ್ಟು ಐದು ವರ್ಷಕ್ಕೆ ತಂದರೆ ವರ್ಷಕ್ಕೆ ಒಂದೊಂದು ಕೋಟಿ ಸವಕಳಿ ಬರೆಯುತ್ತಾರೆ. ಮೂರು ವರ್ಷದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 2 ಕೋಟಿ. ಮೂರಕ್ಕೆ ಮಾರಿದರೆ ಒಂದು ಕೋಟಿ ಲಾಭ. ಎಂಟು ವರ್ಷದಿಂದ ತಮ್ಮ ಅಂಗಳದಲ್ಲೇ ಆಡಿ ಬೆಳೆದ ಊರ ಹುಡುಗನ ಪುಸ್ತಕದ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಖರ್ಚುವೆಚ್ಚಕ್ಕೆ ಕಟ್ಟುಪಾಡು ಬಂದ ಮೇಲೆ ಇಂಗ್ಲೆಂಡಿನ ಕ್ಲಬ್ಬುಗಳಿಗೆ ಮಾರಲು ಮೊದಲು ಕಣ್ಣಿಗೆ ಬೀಳುವವರು ಆ ಊರ ಹುಡುಗರೇ.

ಎರವಲಿನ ಮಾತಿಗೆ ಬರೋಣ. ನಮ್ಮೂರುಗಳಲ್ಲಿ ಕುಡುಗೋಲು ಎರವಲು, ಎತ್ತು ಎರವಲು, ಉಪ್ಪು ಎರವಲು. ಆಳು ಮಾತ್ರ ಎರವಲಲ್ಲ, ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀನು. ಹೋಗುವವನು ತಾನೇ ಹೋಗುತ್ತಾನೆ. ಫುಟ್‌ಬಾಲಿನಲ್ಲಿ ಎರವಲು ಎಂದರೆ, ಕರಾರು ಮೂಲ ಕ್ಲಬ್ಬಿನ ಹತ್ತಿರವೇ ಇರುತ್ತದೆ. ಆರು ತಿಂಗಳಿಗೋ ಒಂದು ಋತುವಿಗೋ ಇನ್ನೊಂದು ಕ್ಲಬ್ಬಿಗೆ ಆಡಲು ಕಳಿಸುತ್ತಾರೆ. ಸಂಬಳವನ್ನು ಎರವಲು ತಗೊಂಡವರು ಪೂರಾ ಕೊಡಬಹುದು, ಅರ್ಧ ಕೊಡಬಹುದು. ಎರವಲಿಗೆ ಬೇರೆ ಶುಲ್ಕವೂ ಇರಬಹುದು. ಆಮೇಲೆ ಇಷ್ಟವಾದರೆ ಇಷ್ಟಕ್ಕೆ ಕೊಳ್ಳಬಹುದು ಎಂದೋ, ಕೊಳ್ಳಲೇಬೇಕು ಎಂದೋ ಮೊದಲೇ ಬರೆದಿರುತ್ತಾರೆ. ಕಾಗದದ ಮೇಲೆ ಆಟಗಾರನ ಒಪ್ಪಿಗೆಯೂ ಬೇಕು. ನಿಜ ಹೇಳಬೇಕೆಂದರೆ ಎಷ್ಟೋ ಹುಡುಗರಿಗೆ ಇದರಿಂದ ಒಳ್ಳೆಯದಾಗಿದೆ. ಹ್ಯಾರಿ ಕೇನ್ ನಾಲ್ಕು ಕ್ಲಬ್ಬುಗಳಿಗೆ ಎರವಲು ಹೋಗಿಬಂದು ಆಮೇಲೆ ಇಂಗ್ಲೆಂಡಿನ ನಾಯಕನಾದ.

ಇನ್ನೊಂದು ಕತೆ ಲ್ಯೂಕಾಸ್ ಪಿಯಾಜಾನ್‌ನದು. ಬ್ರೆಜಿಲ್ಲಿನ ಹುಡುಗ, 2012ರಲ್ಲಿ ಹದಿನೆಂಟಕ್ಕೆ ಚೆಲ್ಸಿ ಸೇರಿದ. 2021ರಲ್ಲಿ ಬಿಟ್ಟ. ನಡುವೆ ಸ್ಪೇನು, ಹಾಲೆಂಡು, ಜರ್ಮನಿ, ಇಂಗ್ಲೆಂಡು, ಇಟಲಿ, ಪೋರ್ಚುಗಲ್ ಅಂತ ಏಳು ಕ್ಲಬ್ಬುಗಳಿಗೆ ಎರವಲು. ಚೆಲ್ಸಿಗೆ ಆಡಿದ್ದು ಬೆರಳೆಣಿಕೆಯ ಪಂದ್ಯ. ಒಂದು ಕಾಲಕ್ಕೆ ಆ ಕ್ಲಬ್ಬಿನ ಮೂವತ್ತಕ್ಕೂ ಹೆಚ್ಚು ಆಟಗಾರರು ಹೀಗೆ ಬೇರೆ ಬೇರೆ ದೇಶಗಳಲ್ಲಿದ್ದರು. ಅಲ್ಲಿಯ ಪತ್ರಿಕೆಗಳು 'ಎರವಲು ಸೈನ್ಯ' ಎಂದು ಕರೆದವು. ಎಳೆಯರನ್ನು ಅಗ್ಗಕ್ಕೆ ಕೊಂಡು, ಪರರ ಹೊಲದಲ್ಲಿ ಮೇಯಿಸಿ, ಕೊಬ್ಬಿದ ಮೇಲೆ ಮಾರುವ ಸಾಕಾಣಿಕೆ. 2022ರ ಜುಲೈಯಿಂದ ಫಿಫಾ ಇದಕ್ಕೆ ಮಿತಿ ಹಾಕಿತು. ದೇಶದಿಂದ ದೇಶಕ್ಕೆ ಎರವಲು ಕೊಡುವುದು ಮೊದಲು ಎಂಟು, 2024ರಿಂದ ಆರು, ತಗೊಳ್ಳುವುದಕ್ಕೂ ಅಷ್ಟೇ. ಒಂದು ವರ್ಷ ಮೀರುವಂತಿಲ್ಲ. ಎರವಲು ತಗೊಂಡವನನ್ನು ಮತ್ತೊಬ್ಬರಿಗೆ ಎರವಲು ಕೊಡುವಂತಿಲ್ಲ. ಕ್ಲಬ್ಬಿನಲ್ಲೇ ಬೆಳೆದ 21ರೊಳಗಿನವರಿಗೆ ಈ ಲೆಕ್ಕವಿಲ್ಲ.

ಇದಕ್ಕಿಂತ ಹೇಸಿಗೆ ಹುಟ್ಟಿಸುವುದು ಪಾಲುದಾರಿಕೆ. ದಕ್ಷಿಣ ಅಮೆರಿಕದಲ್ಲಿ, ಪೋರ್ಚುಗಲ್ಲಿನಲ್ಲಿ ಒಬ್ಬ ಆಟಗಾರನನ್ನು ಮುಂದೆ ಮಾರಿದಾಗ ಬರುವ ದುಡ್ಡನ್ನು ಶೇಕಡಾ ಲೆಕ್ಕದಲ್ಲಿ ಹೂಡಿಕೆದಾರರಿಗೆ ಮೊದಲೇ ಮಾರುತ್ತಿದ್ದರು. ಕ್ಲಬ್ಬಿಗೆ ಅರ್ಧ, ಯಾವುದೋ ಕಂಪನಿಗೆ ಅರ್ಧ. 2006ರಲ್ಲಿ ಅರ್ಜೆಂಟೀನಾದ ಟೆವೆಝ್ ಮತ್ತು ಮಾಸ್ಕೆರಾನೊ ಲಂಡನ್ನಿನ ವೆಸ್ಟ್ ಹ್ಯಾಮ್‌ಗೆ ಬಂದಾಗ ಅವರ ಮೇಲಿನ ಹಕ್ಕು ಹೊರಗಿನ ಕಂಪನಿಗಳ ಕೈಯಲ್ಲಿತ್ತು. ಅದನ್ನು ಮುಚ್ಚಿಟ್ಟದ್ದಕ್ಕೆ ಕ್ಲಬ್ಬಿಗೆ 55 ಲಕ್ಷ ಪೌಂಡು ದಂಡ ಬಿತ್ತು. ಫಿಫಾ ಈ ಪಾಲುದಾರಿಕೆಯನ್ನು ಪೂರ್ತಿ ನಿಷೇಧಿಸಿದ್ದು 2015ರ ಮೇ 1ರಿಂದ. ಕಾರ್ಮಿಕರ ದಿನವೇ!

ಶುಲ್ಕವನ್ನು ಸಮರ್ಥಿಸುವವರ ಮಾತನ್ನೂ ಕೇಳಬೇಕು. ಸಣ್ಣ ಕ್ಲಬ್ಬು ಹುಡುಗನನ್ನು ಬೆಳೆಸುತ್ತದೆ, ದೊಡ್ಡದು ಒಯ್ಯುತ್ತದೆ, ಬೆಳೆಸಿದವರಿಗೆ ಏನೂ ಬೇಡವೇ? ಬೇಕು. ಅದಕ್ಕೆ 2001ರ ನಿಯಮದಲ್ಲಿ ಒಂದು ದಾರಿ ಇದೆ. ಹುಡುಗನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆಲ್ಲ ಸೇರಿ, ಅವನು ಮುಂದೆ ದೇಶ ದಾಟಿ ಮಾರಾಟವಾದಾಗ ಶುಲ್ಕದ ಶೇಕಡಾ 5 ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇಕಡಾ 0.25, ಆಮೇಲೆ ವರ್ಷಕ್ಕೆ 0.5. ಒಂದು ಕೋಟಿ ಯೂರೋ ಮಾರಾಟವಾದರೆ, ಹನ್ನೆರಡು ಹದಿಮೂರರಲ್ಲಿ ಎರಡು ವರ್ಷ ಆಡಿಸಿದ ಬಡ ಊರಿನ ಕ್ಲಬ್ಬಿಗೆ 50,000 ಯೂರೋ ಬರಬೇಕು. ಎಷ್ಟೋ ಕ್ಲಬ್ಬುಗಳಿಗೆ ಕೇಳುವ ಹಕ್ಕಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಆ ದುಡ್ಡನ್ನು ಲೆಕ್ಕ ಹಾಕಿ ಹಂಚಲೆಂದೇ 2022ರಲ್ಲಿ ಪ್ಯಾರಿಸಿನಲ್ಲಿ ಒಂದು ಕಚೇರಿ ತೆರೆದರು. ನಮ್ಮ ಪ್ರಶ್ನೆ ಇಷ್ಟೇ: ಬೆಳೆಸಿದವರಿಗೆ ನೂರರಲ್ಲಿ ಐದು, ಮಾರಿದವರಿಗೆ ತೊಂಬತ್ತೈದು. ಈ ನ್ಯಾಯ ಯಾರು ಬರೆದದ್ದು?

ಹದಿನೆಂಟರ ಒಳಗಿನವರನ್ನು ದೇಶ ದಾಟಿಸಕೂಡದೆಂಬ ನಿಯಮವೂ ಇದೆ, ಕೆಲವು ವಿನಾಯಿತಿಗಳೊಡನೆ. ಆದರೂ ಪಶ್ಚಿಮ ಆಫ್ರಿಕದ ಹುಡುಗರನ್ನು ದಲ್ಲಾಳಿಗಳು ಯುರೋಪಿಗೆ ಕರೆತಂದು, ಆಯ್ಕೆಯಾಗದಿದ್ದರೆ ಬೀದಿಯಲ್ಲಿ ಬಿಟ್ಟುಹೋಗುತ್ತಾರೆ. ಮಗನ ಪಯಣಕ್ಕಾಗಿ ಮನೆಯವರು ಸಾಲ ಮಾಡಿರುತ್ತಾರೆ. ಕ್ಯಾಮರೂನಿಗಾಗಿ ಆಡಿದ್ದ ಝಾನ್ ಕ್ಲೋದ್ ಎಂಬುವುಮಿನ್ ಇಂಥ ಮಕ್ಕಳಿಗಾಗಿ 2000ದಲ್ಲಿ ಪ್ಯಾರಿಸಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ನೇಮಾರನ ಶುಲ್ಕ ಎಲ್ಲ ಪತ್ರಿಕೆಗಳಲ್ಲೂ ಬಂತು. ಈ ಮಕ್ಕಳಿಗೆ ಬೆಲೆಯೇ ಇಲ್ಲವಾದ್ದರಿಂದ ಸುದ್ದಿಯೂ ಇಲ್ಲ.

ಕೋರ್ಟಿನ ದಾರಿ ಇನ್ನೂ ಮುಗಿದಿಲ್ಲ. ಫ್ರಾನ್ಸಿನ ಲಸ್ಸಾನಾ ಡಿಯಾರಾ 2014ರಲ್ಲಿ ಮಾಸ್ಕೋದ ಲೋಕೋಮೋಟಿವ್ ಕ್ಲಬ್ಬಿನೊಡನೆ ಸಂಬಳದ ವಿಷಯಕ್ಕೆ ಜಗಳವಾಡಿ ಹೊರಬಿದ್ದ. ಒಂದು ಕೋಟಿ ಐದು ಲಕ್ಷ ಯೂರೋ ಕಟ್ಟು ಎಂದು ಫಿಫಾ ಹೇಳಿತು. ಬೆಲ್ಜಿಯಮ್ಮಿನ ಶಾರ್ಲೆರ್ವಾ ಕ್ಲಬ್ಬು ಅವನನ್ನು ಕರೆದಿತ್ತು. ಅವನನ್ನು ಸೇರಿಸಿಕೊಂಡ ಕ್ಲಬ್ಬೂ ಆ ದಂಡಕ್ಕೆ ಹೊಣೆ ಎಂಬ ನಿಯಮಕ್ಕೆ ಹೆದರಿ ಹಿಂದೆ ಸರಿಯಿತು. ಬಾಸ್ಮನ್ ಪರ ನಿಂತಿದ್ದ ಅದೇ ಡ್ಯುಪಾಂಟ್ ಇವನ ಪರವೂ ನಿಂತರು. 2024ರ ಅಕ್ಟೋಬರ್ 4ರಂದು ಅದೇ ಲಕ್ಸೆಂಬರ್ಗಿನ ನ್ಯಾಯಾಲಯ ಆ ನಿಯಮಗಳು ಯುರೋಪಿನ ಕಾನೂನಿಗೆ ವಿರುದ್ಧ ಎಂದಿತು. ಡಿಸೆಂಬರಿನಲ್ಲಿ ಫಿಫಾ ತಾತ್ಕಾಲಿಕವಾಗಿ ನಿಯಮ ತಿದ್ದಿತು. 2025ರ ಆಗಸ್ಟಿನಲ್ಲಿ ಹಾಲೆಂಡಿನ ಒಂದು ಸಂಸ್ಥೆ ಫಿಫಾ ಮತ್ತು ಐದು ದೇಶಗಳ ಒಕ್ಕೂಟಗಳ ಮೇಲೆ ಸಾಮೂಹಿಕ ದಾವೆಗೆ ಹೊರಟಿತು. 2002ರಿಂದ ಈಚೆಗೆ ಯುರೋಪಿನಲ್ಲಿ ಆಡಿದ ಎಲ್ಲ ಆಟಗಾರರ, ಹೆಂಗಸರು ಗಂಡಸರೆಲ್ಲರ ಪರವಾಗಿ, ಈ ನಿಯಮಗಳಿಂದ ಅವರ ದುಡಿಮೆಯಲ್ಲಿ ಕಡಿತವಾದದ್ದನ್ನು ಲೆಕ್ಕ ಹಾಕಿ ಕೊಡಿ ಎಂಬುದು ಅವರ ಬೇಡಿಕೆ. ಅವರ ಅಂದಾಜಿನಲ್ಲಿ ಅಂಥ ಆಟಗಾರರು ಸುಮಾರು ಒಂದು ಲಕ್ಷ.